ಕಂಬಳಿಯ ಹೊರಗಿದ್ದ ಹಿಮ್ಮಡಿ

ಮಲ್ಲವ್ವ, ನಿನ್ನ ಹೊಟ್ಟೆಯಲ್ಲಿ ಕೂಸು ನಿಲ್ಲದೆ ಹೋದದ್ದಕ್ಕೆ ನಾನು ಕಾರಣ. ನಿನ್ನ ಮೈಲಿಗೆ ಅಲ್ಲ, ದೇವರ ಸಿಟ್ಟು ಅಲ್ಲ, ಯಾರ ಕೆಟ್ಟ ಕಣ್ಣೂ ಅಲ್ಲ. ನಾನು, ರಂಗಂಪೇಟೆಯ ಶರಣಮ್ಮ, ನೀನು ಬಾಯಿ ತುಂಬ ಅಕ್ಕಾ ಅಕ್ಕಾ ಎಂದು ಕರೆಯುತ್ತಿದ್ದವಳು. ನಾಲ್ಕು ವರ್ಷದಿಂದ ಇದು ನನಗೆ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಉಂಡೆ, ಉಟ್ಟೆ, ನಿನ್ನ ಊರಿನ ಮುಂದೆಯೇ ಬಸ್ಸಿನಲ್ಲಿ ಹಾದುಹೋದೆ.

ಇದು ನಾಲ್ಕನೆಯ ಹಾಳೆ. ಮೊದಲಿನ ಮೂರನ್ನು ಹರಿದು ಒಲೆಗೆ ಹಾಕಿದೆ. ಪ್ರತಿ ಸಲವೂ ಬರೆಯುತ್ತ ಬರೆಯುತ್ತ ನನ್ನ ಪರವಾಗಿ ನಾನೇ ವಕೀಲಿ ಮಾಡತೊಡಗಿದ್ದೆ — ಹಾಗಾಗಿತ್ತು, ಹೀಗಾಗಿತ್ತು, ನಾನಾದರೂ ಏನು ಮಾಡಲಿ ಎಂದು. ಥೂ, ಸಾಕು. ನೀನು ಏಳನೇ ಇಯತ್ತೆ ಓದಿದವಳು, ನಿಧಾನಕ್ಕೆ ಓದಿಕೊ. ನಿನಗೆ ಗೊತ್ತಿರುವ ಕೆಲವು ಸಂಗತಿಗಳನ್ನೂ ಮತ್ತೆ ಬರೆಯುತ್ತಿದ್ದೇನೆ, ಯಾಕೆಂದರೆ ಈ ಕಾಗದವನ್ನು ನಿನ್ನ ಅತ್ತೆ ಭೀಮವ್ವನೂ ಹಟ್ಟಿಯ ಹಿರಿಯರೂ ಕೇಳಬೇಕು.

ಎಮ್ಮೆ ಆಕಳಿಗೆ ಸೂಜಿಯಲ್ಲಿ ಬೀಜ ಹಾಕುವ ಗಂಡಸರು ನಮ್ಮ ಕಡೆ ಬೇಕಾದಷ್ಟು ಇದ್ದರು. ಕುರಿಗೆ ಹಾಕುವ ಹೆಂಗಸು ಸುರಪುರದ ಸುತ್ತಮುತ್ತ ನಾನೊಬ್ಬಳೇ. ಕಲಿತುಕೊಂಡು ಬಂದಾಗ ಜನ ಬಿದ್ದು ಬಿದ್ದು ನಕ್ಕರು. ಬಿಸಿನೀರು ತುಂಬಿದ ರಬ್ಬರಿನ ಕೊಳವೆ ಹಿಡಿದು ಟಗರಿನ ಪಕ್ಕ ಮಂಡಿಯೂರಿ ಕೂತು, ಅದರ ವೀರ್ಯವನ್ನು ಗಾಜಿನ ನಳಿಕೆಗೆ ಇಳಿಸಿಕೊಳ್ಳುವ ಕೆಲಸ ಅದು. ಕುರಿ ಸಂತೆಯಲ್ಲಿ ಒಬ್ಬ ಮುದುಕ ನಾಲ್ಕು ಮಂದಿಯ ಎದುರು ಕೇಳಿದ್ದ: "ಏನವಾ ಶರಣಮ್ಮ, ನಿನ್ನ ಗಂಡ ಏನಂತಾನ ಇದಕ್ಕ?" ನಾನೂ ಬಿಡಲಿಲ್ಲ. "ಅಂವಾ ಏನಂತಾನೋ ಯಪ್ಪಾ, ಟಗರು ಕಂಡ್ರ ಹೊಟ್ಟಿಕಿಚ್ಚು ಪಡ್ತಾನ" ಎಂದೆ. ಅವತ್ತಿನಿಂದ ಯಾರೂ ನನ್ನ ಕೆಣಕಲಿಲ್ಲ. ಟಂಟಂ ಓಡಿಸುವ ನನ್ನ ಗಂಡ ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದ.

ಆ ಹೆಸರು ಗಳಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಆ ಹೆಸರಿನ ಸೊಕ್ಕೂ ನನಗೆ ತಲೆಗೇರಿತ್ತು, ಅದನ್ನೂ ಹೇಳಿಬಿಡುತ್ತೇನೆ. ನನ್ನ ಟಗರು ನವಾಬ ಅವಳಿ ಮರಿ ಕೊಡುವ ತಳಿಯದು. ದೂರದಿಂದ ತಂದಿದ್ದೆ. ಎತ್ತರದ ಬೆನ್ನು, ಮಡಚಿದ ಕೊಂಬು, ನಡೆದರೆ ನೆಲವೇ ತನ್ನದು ಅನ್ನುವ ಹಾಗೆ ನಡೆಯುತ್ತಿತ್ತು. ಕಕ್ಕೇರಾದಿಂದ ಹುಣಸಗಿಯವರೆಗೆ ಹಟ್ಟಿ ಹಟ್ಟಿಗೆ ಹೋಗಿ ಅದರ ಫೋಟೋ ತೋರಿಸಿ ಬಂದಿದ್ದೆ.

ಕಕ್ಕೇರಾ ಕಡೆಯ ನಿಮ್ಮ ಹಟ್ಟಿಯಲ್ಲಿ ಭೀಮವ್ವ ನನ್ನ ಮಾತು ಕೇಳಲಿಲ್ಲ. "ಟಗರು ಏರಲಾರದ ಕುರಿ ಈದ್ರ ಆ ಮರಿಗಿ ಅಪ್ಪ ಯಾರಂತ ಹೇಳಾದು? ಬಾಟ್ಲಿನೇನು?" ಎಂದು ನನ್ನನ್ನು ಅಂಗಳದಿಂದಲೇ ಕಳಿಸಿದಳು. ಒಪ್ಪಿಸಿದವಳು ನೀನು. ಮದುವೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ, ಅತ್ತೆಯ ಎದುರು ಸೊಲ್ಲೆತ್ತಲು ಹೆದರುವ ಹುಡುಗಿ. ಆದರೂ ಎಂಟು ದಿನ ಅವಳ ಹಿಂದೆ ಬಿದ್ದೆಯಂತೆ — "ಶರಣಕ್ಕ ಹೇಳ್ಯಾಳ ಅತ್ತಿ, ಜೋಡಿ ಮರಿ ಆಗ್ತಾವಂತ. ಹೆಣ್ಮಗಳು ಸುಳ್ಳ್ಯಾಕ ಹೇಳ್ತಾಳ?" ಕೊನೆಗೆ ಮುದುಕಿ ಇಪ್ಪತ್ತು ಕುರಿಯನ್ನು ನಿನ್ನ ಜವಾಬ್ದಾರಿಗೆ ಬಿಟ್ಟಳು. ಏನಾದರೂ ಹೆಚ್ಚುಕಮ್ಮಿಯಾದರೆ ನಿನ್ನ ತಲೆಯ ಮೇಲೆ ಎಂದೂ ಹೇಳಿದ್ದಳು. ನೀನು ನಗುತ್ತ ಬಂದು ನನಗೆ ಹೇಳಿದ್ದೆ. ನಾನೂ ನಕ್ಕಿದ್ದೆ.

ಕುರಿಗಳೆಲ್ಲ ಒಂದೇ ಸಲ ಬೆದೆಗೆ ಬರಬೇಕೆಂದರೆ ಔಷಧಿಯಲ್ಲಿ ನೆನೆಸಿದ ಸ್ಪಂಜನ್ನು ಒಳಗೆ ಇಡಬೇಕು. ಹೊರಗೆ ಒಂದು ದಾರ ಮಾತ್ರ ಕಾಣುತ್ತದೆ. ಎರಡು ವಾರ ಬಿಟ್ಟು ದಾರ ಎಳೆದು ತೆಗೆದು, ಸೂಜಿ ಕೊಟ್ಟರೆ, ಎರಡು ದಿನಕ್ಕೆ ಬೆದೆ. ಆ ಗಳಿಗೆಗೆ ಬೀಜ ಬೀಳಲೇಬೇಕು, ತಪ್ಪಿದರೆ ಪಟ್ಟ ಕಷ್ಟವೆಲ್ಲ ನೀರುಪಾಲು. ಇಪ್ಪತ್ತೂ ಕುರಿಯನ್ನು ನೀನೇ ಹಿಡಿದು ಕೊಟ್ಟೆ. ದಾರ ಎಣಿಸಿ ಎಣಿಸಿ ನನಗೆ ಫೋನು ಮಾಡುತ್ತಿದ್ದೆ — "ಅಕ್ಕಾ, ಇವತ್ತಿಗೂ ಇಪ್ಪತ್ತೂ ಅದಾವ."

ಟಗರಿನ ರಕ್ತ ಪರೀಕ್ಷೆ ಮಾಡಿಸಿಯೇ ಬೀಜ ತೆಗೆಯಬೇಕೆಂದು ನಮಗೆ ಮೊದಲ ದಿನವೇ ಕಲಿಸಿದ್ದರು. ನಾನು ನಾಳೆ ನಾಡಿದ್ದು ಎಂದು ತಳ್ಳಿ, ಸ್ಪಂಜು ಇಟ್ಟ ಮೇಲೆ ಶಹಾಪುರದ ಕಡೆಯ ಒಬ್ಬ ಪಶುವೈದ್ಯರ ಹತ್ತಿರ ನವಾಬನ ರಕ್ತ ಕೊಟ್ಟು ಬಂದಿದ್ದೆ. ಏನೂ ಇರಲಿಕ್ಕಿಲ್ಲ, ಇಷ್ಟು ಗಟ್ಟಿಮುಟ್ಟಾದ ಟಗರಿಗೆ ಏನು ಬರುತ್ತದೆ ಎಂದು ನನ್ನ ಲೆಕ್ಕ. ಸ್ಪಂಜು ತೆಗೆದ ಮರುದಿನ ಅವರು ಫೋನು ಮಾಡಿ ಕರೆದರು. ಹೋದೆ. ಬಿಳಿ ಹಲಗೆಯ ಮೇಲೆ ಗುಲಾಬಿ ಬಣ್ಣದ ಔಷಧಿಯ ಹನಿ, ಅದರೊಳಗೆ ನವಾಬನ ರಕ್ತದ ನೀರಿನ ಹನಿ. ಒಂದು ಕಡ್ಡಿಯಿಂದ ಕಲಸಿ ಹಲಗೆಯನ್ನು ಅತ್ತಿತ್ತ ಆಡಿಸಿದರು. ನೋಡನೋಡುತ್ತ ಹನಿ ಒಡೆದ ಹಾಲಿನಂತೆ ಕಾಳುಕಾಳಾಯಿತು.

"ಕಂದು ರೋಗ ಇದು," ಅಂದರು ಡಾಕ್ಟರು. "ಇದರ ಬೀಜ ಹಾಕಿದ್ರ ಕುರಿ ದಿನಾ ತುಂಬೂ ಮೊದಲ ಗಬ್ಬ ಹಾಕ್ತಾವ. ಬರೇ ಕುರಿಗಷ್ಟ ಅಲ್ಲ, ಮನುಷ್ಯಾರಿಗೂ ಹತ್ತತದ. ಬಸರಿ ಹೆಣ್ಮಕ್ಕಳಿಗಂತೂ ಭಾಳ ಕೆಟ್ಟ. ಇದನ್ನ ಮುಗಿಸಬೇಕು, ಬ್ಯಾರೆ ದಾರಿ ಇಲ್ಲ."

"ಹೌದ್ರಿ, ಮುಗಿಸ್ತೀನ್ರಿ," ಎಂದು ಬಂದೆ.

ಬಸ್ಸಿನಲ್ಲಿ ಬರುವಾಗ ನಿನ್ನ ಫೋನು ಬಂತು. "ಅಕ್ಕಾ, ನಾಳಿ ಎಷ್ಟೊತ್ತಿಗಿ ಬರ್ತಿ? ಅತ್ತಿ ಎಲ್ಲಾರಿಗೂ ಹೇಳ್ಯಾಳ, ಹಟ್ಟಿ ಮಂದಿ ಎಲ್ಲಾ ನೋಡಾಕ ಬರಾಕತ್ಯಾರ."

ಅಲ್ಲಿ, ಆ ಬಸ್ಸಿನಲ್ಲಿ, ನಾಲ್ಕು ಮಾತು ಸಾಕಿತ್ತು. ನಿಮ್ಮ ಟಗರನ್ನೇ ಬಿಡ್ರಿ, ನಂದಕ್ಕ ರೋಗ ಬಂದಾದ — ಅಷ್ಟೇ. ನಿಮ್ಮ ಹಟ್ಟಿಯಲ್ಲೇ ಎರಡು ಒಳ್ಳೆಯ ಟಗರಿದ್ದವು. ಭೀಮವ್ವ ನಾಲ್ಕು ಬೈಗುಳ ಬೈಯುತ್ತಿದ್ದಳು, ಹಟ್ಟಿಯವರು ನಗುತ್ತಿದ್ದರು, ಸಂತೆಯಲ್ಲಿ ಆ ಮುದುಕ ಮತ್ತೆ ನನ್ನನ್ನು ಕೆಣಕುತ್ತಿದ್ದ. ಅಷ್ಟಕ್ಕೇ ಮುಗಿಯುತ್ತಿತ್ತು. ನಾನು ಅಂದದ್ದು: "ಮುಂಜಾನಿ ಬಿಸಿಲೇರೂದ್ರಾಗ ಬರ್ತೀನಿ."

ಬಂದೆ. ಮೊಟ್ಟೆಯ ಹಳದಿ ಬೆರೆಸಿದ ದ್ರವದಲ್ಲಿ ನವಾಬನ ಬೀಜವನ್ನು ಕಲಸಿ, ಇಪ್ಪತ್ತು ಕುರಿಗೆ ಹಾಕಿದೆ. ನೀನು ಒಂದೊಂದರ ಹಿಂಗಾಲು ಎತ್ತಿ ಹಿಡಿದೆ. ಹಟ್ಟಿಯವರು ಸುತ್ತ ನಿಂತು ಜಾತ್ರೆಯ ಬೊಂಬೆಯಾಟ ನೋಡುವಂತೆ ನೋಡಿದರು. ಭೀಮವ್ವ ಕೊನೆಗೆ, ಒಲ್ಲದ ಮನಸ್ಸಿನಿಂದ, ನನಗೆ ಚಹಾ ಕೊಟ್ಟಳು. ಆ ಚಹಾ ಕುಡಿದೆ. ಸಿಹಿಯಾಗಿತ್ತು — ಅದೊಂದು ಇನ್ನೂ ನೆನಪಿದೆ, ಯಾಕೋ.

ಎರಡು ತಿಂಗಳಾದ ಮೇಲೆ ಹದಿನಾರು ಕುರಿ ಗಬ್ಬ ಕಟ್ಟಿವೆ ಎಂದು ಗೊತ್ತಾಯಿತು. ನಿನ್ನ ಸಂಭ್ರಮ ಹೇಳತೀರದು. ಅದೇ ದಿನ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಅಕ್ಕಾ, ಕುರಿಗೂ ನಿಂತಾದ, ನನಗೂ ನಿಂತಾದ. ನಿನ್ನ ಸೂಜಿ ಗಾಳಿ ನನಗೂ ಬಡಿತೇನ?" ಎಂದು ಕಿಲಕಿಲ ನಕ್ಕೆ. ನಾನು ನಿನ್ನ ಬೆನ್ನಿಗೊಂದು ಗುದ್ದಿದೆ. ನಗು ಬಂತು ಮಲ್ಲವ್ವ, ನಿಜವಾಗಿಯೂ ಬಂತು. ಹದಿನಾರು ಕಟ್ಟಿವೆ, ಡಾಕ್ಟರ ಮಾತು ಸುಳ್ಳಾಯಿತು ಎಂದು ನನ್ನ ಮನಸ್ಸು ನೆಮ್ಮದಿಯಾಗಿತ್ತು. ಬಸುರಿ ಹೆಣ್ಣುಮಕ್ಕಳಿಗೆ ಬಹಳ ಕೆಟ್ಟದ್ದು ಎಂದು ಅವರು ಹೇಳಿದ್ದು ಆ ಗಳಿಗೆಯಲ್ಲಿ ನೆನಪೇ ಆಗಲಿಲ್ಲವೆಂದು ಬರೆಯಬಹುದಿತ್ತು. ನೆನಪಾಯಿತು. ತಳ್ಳಿದೆ.

ನಾಲ್ಕನೆಯ ತಿಂಗಳಿಗೆ ಮೊದಲ ಕುರಿ ಕಂದು ಹಾಕಿತು. ಮರುದಿನ ಎರಡು. ಆಮೇಲೆ ಎಣಿಸುವುದನ್ನು ಬಿಟ್ಟರು. ನೀನು ಫೋನಿನಲ್ಲಿ ಅಳುತ್ತಿದ್ದೆ, ನಾನು ಓಡಿ ಬಂದೆ. ಕಾಲುವೆಯ ಆಚೆಯ ಗದ್ದೆಯಲ್ಲಿ ದೊಡ್ಡಿ ಹಾಕಿದ್ದಿರಿ. ದೂರದಿಂದಲೇ ವಾಸನೆ ಬಂತು. ನೀನು ದೊಡ್ಡಿಯ ನಡುವೆ ಕೂತಿದ್ದೆ, ಮೊಣಕೈವರೆಗೆ ರಕ್ತ, ಲೋಳೆ. ಜೀವ ಮಿಸುಕುತ್ತಿದ್ದ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಮೂಗಿಗೆ ಬಾಯಿ ಹಚ್ಚಿ ಲೋಳೆ ಎಳೆದು ಉಗುಳಿ, ಉಸಿರು ಊದುತ್ತಿದ್ದೆ. ಕುರಿಗಾರರ ಮನೆಯ ಹೆಣ್ಣುಮಕ್ಕಳು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು ಅದು. ನಿನ್ನ ಉಸಿರಿಗೆ ಮರಿ ಬದುಕುತ್ತದೆ ಎಂದು ಹಟ್ಟಿಯವರೇ ನಿನ್ನನ್ನು ಕರೆಯುತ್ತಿದ್ದರು. ಆ ಮರಿ ಎರಡು ಸಲ ಬಾಯಿ ತೆರೆದು ಸುಮ್ಮನಾಯಿತು. ನೀನು ಮುಂದಿನದಕ್ಕೆ ಕೈ ಚಾಚಿದೆ.

ನನ್ನ ಕೈಯಲ್ಲಿ ಗವಸು ಇದ್ದವು. ಎರಡು ಜೊತೆ, ಒಂದರ ಮೇಲೊಂದು. ಮೂಗು ಬಾಯಿಗೆ ಬಟ್ಟೆ ಕಟ್ಟಿದ್ದೆ. ನೀನು ಅಳುವಿನ ನಡುವೆಯೂ ನೋಡಿ, "ನಮ್ಮಕ್ಕನ ಕೈ ಹೊಲಸಾಗಬಾರದು ನೋಡು" ಎಂದು ಛೇಡಿಸಿದೆ. ಒಂದು ಮಾತು, ಮಲ್ಲವ್ವ. ಏಳು ಮೇಲಕ್ಕೆ, ಬಾಯಿ ತೊಳಕೊ, ಇದನ್ನು ಮುಟ್ಟಬೇಡ, ನಿನ್ನ ಹೊಟ್ಟೆಯಲ್ಲಿ ಕೂಸಿದೆ — ಅಷ್ಟು ಹೇಳಿದ್ದರೆ ನೀನು ಯಾಕೆ ಎಂದು ಕೇಳುತ್ತಿದ್ದೆ. ಆ ಯಾಕೆಗೆ ಹೆದರಿ ನಾನು ನಿಂತಲ್ಲೇ ನಿಂತೆ. ನಿನ್ನ ಗಂಡ ಮಾನಪ್ಪ ಸತ್ತ ಮರಿಗಳನ್ನು ಚೀಲಕ್ಕೆ ತುಂಬಿ ಕಾಲುವೆಗೆ ಎಸೆದು ಬಂದ. ಹುಗಿಯಿರಿ ಎಂದೂ ಹೇಳಲಿಲ್ಲ ನಾನು. ಕಾಲುವೆಯ ನೀರು ಮುಂದೆ ಎಷ್ಟು ಊರಿಗೆ ಹೋಗುತ್ತದೋ.

ನಾಲ್ಕು ದಿನದ ಮೇಲೆ ಹಿರಿಯರು ಕೂಡಿದರು. ಬೇವಿನ ಮರದ ಕೆಳಗೆ ಕರಿಕಂಬಳಿ ಹಾಸಿ, ಅದರ ಮೇಲೆ ಭಂಡಾರ ಚೆಲ್ಲಿದ್ದರು. ಆ ಹಳದಿ ಪುಡಿ ಬಿದ್ದ ಕಂಬಳಿಯ ಮೇಲೆ ನಿಂತು ನಿಮ್ಮಲ್ಲಿ ಯಾರೂ ಸುಳ್ಳು ಆಡುವುದಿಲ್ಲ. ಕೊಲೆ ಮಾಡಿದವನೂ ಅಲ್ಲಿ ನಿಂತು ಹೌದು ಅನ್ನುತ್ತಾನೆ ಎಂದು ಕೇಳಿದ್ದೆ. ಮೊದಲು ನನ್ನನ್ನು ಕರೆದರು. ಚಪ್ಪಲಿ ಬಿಟ್ಟು ಹೋದೆ. ಹಿರಿಯ ಅಮೋಗಪ್ಪ ತಾತ ಸಮಾಧಾನದಿಂದಲೇ ಕೇಳಿದ: "ಅಕ್ಕೋರ, ನೀವು ಕಲತಾಕಿ. ಖರೇ ಹೇಳ್ರಿ. ನಿಮ್ಮ ಬೀಜದಾಗ ಏನರ ಐಬಿತ್ತೇನು?"

ಈಗ ಹೇಳುವುದನ್ನು ಯಾರಿಗೂ ಹೇಳಿಲ್ಲ. ನಾನು ಬಲಗಾಲನ್ನು ಕಂಬಳಿಯ ಮೇಲೆ ಇಟ್ಟೆ. ಎಡಗಾಲಿನ ಬೆರಳಷ್ಟೇ ಅಂಚಿಗೆ ತಾಗಿತ್ತು, ಹಿಮ್ಮಡಿ ಹೊರಗೆ ಮಣ್ಣಿನ ಮೇಲಿತ್ತು. ಬೇಕೆಂದೇ ಹಾಗೆ ನಿಂತೆ. ಪೂರ್ತಿ ನಿಂತಿಲ್ಲ, ಹಾಗಾಗಿ ಇದು ಆಣೆ ಅಲ್ಲ ಎಂದು ದೇವರ ಜೊತೆ ಚೌಕಾಸಿ ಮಾಡಿದೆ. ಸೀರೆಯ ನೆರಿಗೆ ಇಳಿಬಿದ್ದಿತ್ತು, ಯಾರಿಗೂ ಕಾಣಲಿಲ್ಲ.

"ಇಲ್ರಿ ತಾತಾ," ಅಂದೆ. "ನನ್ನ ಬೀಜದಾಗ ಏನೂ ಐಬಿಲ್ಲ."

ಆಮೇಲೆ ನಿನ್ನನ್ನು ಕರೆದರು. ನೀನು ನೇರ ಬಂದು ಕಂಬಳಿಯ ನಟ್ಟನಡುವೆ ಎರಡೂ ಪಾದ ಊರಿ ನಿಂತೆ. ದೊಡ್ಡಿಗೆ ಮೈಲಿಗೆಯಲ್ಲಿ ಹೋಗಿದ್ದೆಯಾ ಎಂದು ಕೇಳಿದರು. ಬಸುರಿಗೆ ಎಲ್ಲಿಯ ಮೈಲಿಗೆ! ಇಲ್ಲ ಎಂದರೆ ಮುಗಿಯುತ್ತಿತ್ತು. ನೀನು ತಲೆ ತಗ್ಗಿಸಿ, "ಎರಡನೇ ತಿಂಗಳದಾಗ ಒಂದಿನ ಜರಾ ಕೆಂಪು ಕಂಡಿತ್ತು. ಅವತ್ತ ದೊಡ್ಡ್ಯಾಗ ಇದ್ದೆ, ಕುರಿ ಹಿಡದಿದ್ದೆ," ಎಂದೆ. ಭೀಮವ್ವ ಹಿರಿಯರ ಕಡೆ ತಿರುಗಿ, "ಕೇಳಿದ್ರಲ್ಲ" ಎಂದಳು.

ಕಂಬಳಿಯ ಮೇಲೆ ನೀನು ಆಡಿದ ನಿಜ ನಿನ್ನನ್ನು ಮುಳುಗಿಸಿತು. ನಾನು ಆಡಿದ ಸುಳ್ಳು ನನಗೆ ಚಹಾ ಕುಡಿಸಿ ಬಸ್ಸು ಹತ್ತಿಸಿತು. ಅವತ್ತಿನಿಂದ ನಿನ್ನನ್ನು ದೊಡ್ಡಿಯೊಳಗೆ ಬಿಡಲಿಲ್ಲ. ಮರಿ ಬದುಕಿಸುತ್ತಿದ್ದ ಹುಡುಗಿಯ ನೆರಳು ಕುರಿಯ ಮೇಲೆ ಬೀಳಬಾರದು ಎಂದರು.

ಹದಿನೈದು ದಿನಕ್ಕೆ ನಿನಗೆ ಜ್ವರ ಶುರುವಾಯಿತು. ಬೆಳಿಗ್ಗೆ ಇಲ್ಲ, ಸಂಜೆಯಾದರೆ ಮೈ ಕಾಯುತ್ತದೆ, ಬೆವರು ಸುರಿಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಒಬ್ಬರು ಟೈಫಾಯಿಡ್ ಎಂದರು, ಇನ್ನೊಬ್ಬರು ಮಲೇರಿಯಾ ಎಂದರು. ಐದನೆಯ ತಿಂಗಳಲ್ಲಿ ಕೂಸು ಹೋಯಿತು. ಸುದ್ದಿ ಕೇಳಿ ನಿನ್ನನ್ನು ನೋಡಲು ಬಂದಿದ್ದೆ — ಮೋಸಂಬಿ ತಂದಿದ್ದೆ, ನಾಚಿಕೆಗೆಟ್ಟವಳು. ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ತಿರುಗಿ ನನ್ನ ಕೈ ಹಿಡಿದುಕೊಂಡೆ. ನಿನ್ನ ಕೈ ಸುಡುತ್ತಿತ್ತು.

"ನನ್ನಿಂದ ನಿನ್ನ ಹೆಸರು ಕೆಟ್ಟಿತಲ್ಲಕ್ಕಾ. ನನ್ನ ಮೈಲಿಗಿಂದ ನಿನ್ನ ಬೀಜಕ್ಕ ಮಾತು ಬಂತು. ತಪ್ಪಾತಕ್ಕಾ, ಮನಸಿನ್ಯಾಗ ಇಟ್ಕೋಬ್ಯಾಡ."

ಮಲ್ಲವ್ವ, ಆಗ ನಾನು ಏನೆಂದೆ ಗೊತ್ತಲ್ಲ ನಿನಗೆ? ನಿನ್ನ ತಲೆ ಸವರಿ, "ಇರ್ಲಿ ಬಿಡು" ಎಂದೆ. ನಾನು ನಿನ್ನನ್ನು ಕ್ಷಮಿಸಿದೆ. ಬೀಜ ಹಾಕಿದ್ದಕ್ಕಿಂತ, ಕಂಬಳಿಯ ಮೇಲಿನ ಸುಳ್ಳಿಗಿಂತ ಈ ಎರಡು ಮಾತು ನನ್ನನ್ನು ಹೆಚ್ಚು ತಿಂದಿವೆ.

ಇನ್ನೂ ಒಂದಿದೆ. ಇದನ್ನು ಬರೆಯಲಾಗದೆಯೇ ಆ ಮೂರು ಹಾಳೆ ಹರಿದದ್ದು.

ನಿನಗೆ ಜ್ವರ ಬಂದ ದಿನಗಳಲ್ಲೇ ನನಗೂ ಬಂದಿತ್ತು. ಅದೇ ಜ್ವರ — ಸಂಜೆ ಏರುವುದು, ಬೆವರು, ಸೊಂಟ ನೋವು. ಗೊತ್ತಾಗುವ ಮೊದಲು ತಿಂಗಳುಗಟ್ಟಲೆ ನವಾಬನ ಜೊತೆ ಬರಿಗೈಯಲ್ಲಿ ಕೆಲಸ ಮಾಡಿದ್ದೆನಲ್ಲ. ಇದೇನೆಂದು ಮೊದಲ ದಿನವೇ ತಿಳಿಯಿತು ನನಗೆ. ಸುರಪುರದಲ್ಲಿ ಗುರುತಿನವರಿದ್ದಾರೆಂದು ಯಾದಗಿರಿಗೆ ಹೋದೆ. ನನ್ನ ಪರಿಚಯವೇ ಇಲ್ಲದ ಡಾಕ್ಟರ ಮುಂದೆ ಕೂತು, ಕುರಿಗೆ ಕಂದು ರೋಗವಿದೆ, ನನಗೂ ಹತ್ತಿರಬೇಕು, ರಕ್ತ ನೋಡಿರಿ ಎಂದು ನನ್ನ ಬಾಯಿಂದಲೇ ಹೇಳಿದೆ. ಹೌದು, ಅಲ್ಲಿ ನನ್ನ ಬಾಯಿ ಸಲೀಸಾಗಿ ತೆರೆಯಿತು. ಅವರು ಎರಡು ತರಹದ ಗುಳಿಗೆ ಬರೆದುಕೊಟ್ಟರು, ಆರು ವಾರ ತಪ್ಪಿಸಬೇಡ ಎಂದರು. ಒಂದು ಗುಳಿಗೆಯಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತಿತ್ತು. ಒಂದು ದಿನವೂ ತಪ್ಪಿಸಲಿಲ್ಲ. ಗುಣವಾದೆ.

ಮೋಸಂಬಿ ಹಿಡಿದು ನಿನ್ನ ಹಾಸಿಗೆಯ ಪಕ್ಕ ಕೂತಿದ್ದಾಗ ನನ್ನ ಚೀಲದಲ್ಲಿ ಆ ಗುಳಿಗೆ ಇದ್ದವು. ನಿನ್ನ ಡಾಕ್ಟರಿಗೆ ರೋಗದ ಹೆಸರೊಂದನ್ನು ಹೇಳಿದ್ದರೆ ಸಾಕಿತ್ತು. ನಾನು ಚೀಲವನ್ನು ಕಾಲಿನ ಹಿಂದೆ ಸರಿಸಿದೆ.

ನವಾಬನನ್ನಾದರೂ ಮುಗಿಸಿದೆನೇ? ಇಲ್ಲ. ಸಂತೆಗೆ ಹೊಡೆದುಕೊಂಡು ಹೋಗಿ ಗುರುತಿಲ್ಲದ ಒಬ್ಬನ ಕೈಗೆ ಹಗ್ಗ ಕೊಟ್ಟುಬಂದೆ. ಗಾಡಿ ಹತ್ತುವಾಗ ಅದು ಒಮ್ಮೆ ತಿರುಗಿ ನೋಡಿತು. ಯಾವ ಊರಿಗೆ ಹೋಯಿತೋ, ಯಾವ ದೊಡ್ಡಿಯಲ್ಲಿ ಯಾವ ಹುಡುಗಿ ಅದರ ಮರಿಯ ಮೂಗಿಗೆ ಬಾಯಿ ಹಚ್ಚಿದಳೋ ನನಗೆ ಗೊತ್ತಿಲ್ಲ. ಬೀಜ ಹಾಕುವ ಕೆಲಸ ಅವತ್ತಿಗೇ ಬಿಟ್ಟೆ. ಎಲ್ಲರೂ ಪಾಪ, ಆ ಹುಡುಗಿಯ ದೆಸೆಯಿಂದ ಶರಣಮ್ಮನ ಕೆಲಸ ಹೋಯಿತು ಎಂದರು. ಅದನ್ನೂ ಕೇಳಿಕೊಂಡೆ.

ಎರಡು ವರ್ಷದ ಮೇಲೆ ನಿನಗೆ ಎರಡನೆಯದೂ ಉಳಿಯಲಿಲ್ಲ ಎಂದು ಕೇಳಿದೆ. ಆಮೇಲೆ ನಿನ್ನನ್ನು ಹುಣಸಗಿಗೆ, ತವರಿಗೆ ಕಳಿಸಿದರು, ಮಾನಪ್ಪ ಮಾತ್ರ ಆಗಾಗ ಅಲ್ಲಿಗೆ ಬಂದುಹೋಗುತ್ತಾನೆ ಎಂದೂ ಕೇಳಿದೆ. ಕೇಳಿ ಕೇಳಿ ಸುಮ್ಮನಿದ್ದೆ.

ನಿನ್ನೆ ಸುರಪುರದ ಬಸ್ ನಿಲ್ದಾಣದಲ್ಲಿ ಭೀಮವ್ವ ಸಿಕ್ಕಳು. ನಾನು ಕೇಳದೆಯೇ ಹೇಳಿದಳು: "ಮತ್ತ ನಿಂತಾದವಾ ಆಕಿಗಿ. ನಾಕು ತಿಂಗಳಾಗ್ಯಾವ. ಮತ್ತ ಅದ ಹಣೆಬರಾ, ಸಂಜಿ ಆತಂದ್ರ ಮೈ ಕಾಯಾಕತ್ತಾದ. ಇದೂ ಉಳಿಯಂಗಿಲ್ಲ ಬಿಡು. ಮಾನಪ್ಪಗ ಬ್ಯಾರೆ ಹೆಣ್ಣು ನೋಡಾಕತ್ತೀವಿ." ಹೀಗೆಂದು ಕಾಯಿಪಲ್ಲೆಯ ಚೀಲ ಎತ್ತಿಕೊಂಡು ಹೋದಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಎರಡು ಬಸ್ಸು ಹೋದವು.

ನಾಳೆ ಮೊದಲ ಬಸ್ಸಿಗೆ ಹುಣಸಗಿಗೆ ಬರುತ್ತೇನೆ. ಯಾದಗಿರಿಯ ಡಾಕ್ಟರು ಕೊಟ್ಟ ನನ್ನ ಹಳೆಯ ಚೀಟಿಯೂ ರಕ್ತದ ವರದಿಯೂ ಚೀಲದಲ್ಲಿವೆ. ಈ ಕಾಗದ ಕೊಡುವ ಮೊದಲು ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಾಕ್ಟರ ಮುಂದೆ ರೋಗದ ಹೆಸರನ್ನು ನಾನೇ ಹೇಳುತ್ತೇನೆ. ಬಸುರಿಗೆ ಯಾವ ಗುಳಿಗೆ ಸರಿ ಎಂದು ಅವರು ನೋಡಿ ಕೊಡಲಿ. ನಾಲ್ಕು ವರ್ಷ ತಡವಾಗಿದೆ, ಈ ಕೂಸು ಉಳಿಯುತ್ತದೋ ಇಲ್ಲವೋ ನನಗೆ ತಿಳಿಯದು. ಉಳಿದರೂ ಹಿಂದಿನ ಎರಡರ ಲೆಕ್ಕ ಹರಿಯುವುದಿಲ್ಲ.

ಅಮೋಗಪ್ಪ ತಾತನಿಗೂ ಫೋನು ಮಾಡಿದ್ದೇನೆ. ಸೋಮವಾರ ಬೇವಿನ ಮರದ ಕೆಳಗೆ ಕಂಬಳಿ ಹಾಸಿಸಿರಿ ಎಂದೆ. "ಯಾರ ಮ್ಯಾಲ ಫಿರ್ಯಾದಿನವಾ?" ಎಂದು ಕೇಳಿದ. ನನ್ನ ಮೇಲೆಯೇ ಎಂದೆ. "ಹಾಸಸ್ತೀನಿ, ಬಾ" ಎಂದು ಮುದುಕ ಫೋನು ಇಟ್ಟ. ಈ ಸಲ ನಡುವೆ ನಿಲ್ಲುತ್ತೇನೆ, ನೀನು ನಿಂತ ಜಾಗದಲ್ಲಿ. ಹಟ್ಟಿಯವರು ಏನು ಮಾಡುತ್ತಾರೋ ಮಾಡಲಿ.

ನೀನು ಉಗುಳು, ಹೊಡೆ, ಮುಖ ನೋಡಲಾರೆ ಎನ್ನು. ಆದರೆ ನಿನ್ನ ಸ್ವಭಾವ ನನಗೆ ಗೊತ್ತಿದೆ, ಅದೇ ನನಗೆ ಹೆದರಿಕೆ. ಇದನ್ನೆಲ್ಲ ಓದಿ ಮಡಚಿಟ್ಟು, ನನ್ನ ಮುಖ ನೋಡಿ, "ಇರ್ಲಿ ಬಿಡಕ್ಕಾ" ಅಂತ ಮಾತ್ರ ಅನ್ನಬೇಡ ಮಲ್ಲವ್ವ.